ಪೆಡಲ್ ಡಬ್ಬಕ್ಕೆ ‘ಎಲ್ಲವೂ ನಾವೇ’ ಎನ್ನುವ ಅಂಗಡಿ: ಮುಂಗಡ ಕೊಡುವ ಮುನ್ನ ಓದಿ

ಮುಂಬಯಿ, ಠಾಣೆ, ಡೊಂಬಿವಲಿ ಕಡೆ ಮನೆಯಲ್ಲೇ ಗಿಟಾರ್ ಪೆಡಲ್ (ಕಾಲಲ್ಲಿ ಒತ್ತಿ ಗಿಟಾರಿನ ಸದ್ದು ಬದಲಿಸುವ ಡಬ್ಬ) ಕಟ್ಟುವವರು, ಅದರಲ್ಲೂ ಡಬ್ಬದ ಮೇಲೆ ಕನ್ನಡದಲ್ಲಿ ಬರೆಸಬೇಕೆಂಬ ಆಸೆಯುಳ್ಳವರು, ಇದನ್ನು ಓದಿದ ಮೇಲೆಯೇ ಯಾರಿಗಾದರೂ ಮುಂಗಡ ಕೊಡಿ. ‘ಡಬ್ಬ ನಮ್ಮದು, ತೂತು ನಮ್ಮದು, ಬಣ್ಣ ನಮ್ಮದು, ಮುದ್ರಣವೂ ನಮ್ಮದು, ನೀವು ಸರ್ಕ್ಯೂಟ್ ಕೂರಿಸಿದರೆ ಸಾಕು’ ಎಂದ ಅಂಗಡಿಯೊಂದು ನನ್ನ ಡಬ್ಬಗಳನ್ನು ಕೆಡಿಸಿ ಹಣವನ್ನೂ ಇಟ್ಟುಕೊಂಡಿದೆ. ಅಂಗಡಿಯ ಹೆಸರು ಬರೆಯುವುದಿಲ್ಲ. ಇಂಥ ಅಂಗಡಿ ಒಂದೇ ಇರಲಾರದು. ಮೋಸ ಎಲ್ಲೆಲ್ಲಿ ಅಡಗಿರುತ್ತದೆ ಎಂದು ತಿಳಿದರೆ ಹೆಸರಿನ ಅಗತ್ಯವೂ ಇಲ್ಲ.

ನಾನು ಕಟ್ಟಿದ್ದು ಹೊಸದೇನಲ್ಲ. 1970ರ ದಶಕದ ಕೊನೆಯಲ್ಲಿ ಬಂದ ಐಬನೀಜ್ ಟ್ಯೂಬ್ ಸ್ಕ್ರೀಮರ್ ಜಾತಿಯ, ಗಿಟಾರಿನ ಸದ್ದನ್ನು ಒರಟಾಗಿಸುವ ಓವರ್‌ಡ್ರೈವ್: 4558 ಐಸಿ, ಮೂರು ಪಾಟ್ (ನಾಬ್ ಕೂರುವ, ತಿರುಗಿಸುವ ರೆಸಿಸ್ಟರ್), ಒಂದು ಫುಟ್‌ಸ್ವಿಚ್. ಡೊಂಬಿವಲಿಯ ಕೆಲವು ಹುಡುಗರು ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಭಾವಗೀತೆಗಳಿಗೆ ಎಲೆಕ್ಟ್ರಿಕ್ ಗಿಟಾರ್ ನುಡಿಸುವವರಿದ್ದರು. ಲೆವೆಲ್, ಟೋನ್, ಡ್ರೈವ್ ಎಂಬ ಮೂರು ನಾಬ್‌ಗಳಿಗೆ ‘ಧ್ವನಿ’, ‘ಸ್ವರ’, ‘ಉಗ್ರ’ ಎಂದು ಹೆಸರಿಟ್ಟವರು ಅವರೇ. ‘ಉಗ್ರ’ ನನಗೆ ಬಹಳ ಹಿಡಿಸಿತು. ಬಿಡಿಭಾಗಗಳಿಗೆ ಲ್ಯಾಮಿಂಗ್ಟನ್ ರಸ್ತೆ ಇದ್ದೇ ಇದೆ. ಗ್ರಾಂಟ್ ರೋಡಿನಲ್ಲಿ ಇಳಿದು ಒಂದು ಸುತ್ತು ಹಾಕಿದರೆ ರೆಸಿಸ್ಟರ್‌ನಿಂದ ಕೇಬಲ್ ಚುಚ್ಚುವ ಜಾಕ್‌ವರೆಗೆ ಸಿಗುತ್ತದೆ. ತೊಂದರೆ ಇರುವುದು ಡಬ್ಬದ ಕೆಲಸದಲ್ಲಿ. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಅಲ್ಯೂಮಿನಿಯಂ ಕೊರೆಯಲು ತೊಡಗಿದರೆ ಸೊಸೈಟಿಯ ಕಾರ್ಯದರ್ಶಿಗಳು ಬಾಗಿಲಿಗೆ ಬರುತ್ತಾರೆ, ಬಣ್ಣ ಸಿಂಪಡಿಸಿದರೆ ಮನೆಯವರೇ ಬರುತ್ತಾರೆ. ಅದಕ್ಕೇ ಅಂಗಡಿಗೆ ಒಪ್ಪಿಸಿದ್ದು.

ಒಪ್ಪಿಸುವಾಗ ಎಲ್ಲವನ್ನೂ ಬರೆದೇ ಕೊಟ್ಟಿದ್ದೆ. 1590ಬಿ ಅಳತೆಯ ಡೈಕಾಸ್ಟ್ ಡಬ್ಬ, ಅಂದರೆ ಸುಮಾರು 112 ಮಿ.ಮೀ. ಉದ್ದ, 60 ಅಗಲ, 31 ಎತ್ತರ. ಪಾಟ್‌ಗೆ 7.5 ಮಿ.ಮೀ. ತೂತು, ಫುಟ್‌ಸ್ವಿಚ್‌ಗೆ 12, ಜಾಕ್‌ಗೆ 10. ಒಳಮೈಗೆ ಬಣ್ಣ ಬೇಡ. ಅಕ್ಷರಗಳನ್ನು ಕರ್ವ್ ಮಾಡಿದ, ಅಂದರೆ ಚಿತ್ರರೇಖೆಯಾಗಿ ಬದಲಿಸಿದ, ಪಿಡಿಎಫ್ ಕಡತ. ವಾಟ್ಸ್‌ಆ್ಯಪ್‌ನಲ್ಲಿ ‘ಓಕೆ ಸರ್’ ಎಂಬ ಉತ್ತರವೂ ಬಂತು.

ಬಂದ ಡಬ್ಬಗಳಲ್ಲಿ ಮೊದಲು ಕಣ್ಣಿಗೆ ಹೊಡೆದದ್ದು ಅಕ್ಷರಗಳು. ‘ಧ್ವನಿ’ ಎಂದಿರಬೇಕಾದ ಕಡೆ ಧ, ಅದರ ಪಕ್ಕ ಗಾಳಿಯಲ್ಲಿ ತೇಲುವ ಒಂದು ಹಲಂತ, ಆಮೇಲೆ ವ, ನ, ಗುಡಿಸು ಬೇರೆಯೇ. ‘ಸ್ವರ’ದ್ದೂ ‘ಉಗ್ರ’ದ್ದೂ ಅದೇ ಪಾಡು. ನಮ್ಮ ಮೂರು ಹೆಸರುಗಳಲ್ಲಿಯೂ ಒತ್ತಕ್ಷರ ಇತ್ತು, ಮೂರೂ ಒಡೆದುಹೋಗಿದ್ದವು. ಕರ್ವ್ ಮಾಡಿದ ಅಕ್ಷರ ಬರಿಯ ಚಿತ್ರರೇಖೆ. ಅದು ತಾನಾಗಿ ಒಡೆಯಲು ಸಾಧ್ಯವೇ ಇಲ್ಲ. ಒತ್ತಿ ಕೇಳಿದಾಗ ಬಾಯಿಬಿಟ್ಟರು: ಅಕ್ಷರ ಸ್ವಲ್ಪ ದೊಡ್ಡದಾಗಲೆಂದು ಅವರ ಹುಡುಗ ನನ್ನ ಕಡತವನ್ನು ಬದಿಗಿಟ್ಟು, ವಾಟ್ಸ್‌ಆ್ಯಪ್ ಸಂದೇಶದಲ್ಲಿದ್ದ ಪದಗಳನ್ನು ನಕಲು ಮಾಡಿ ತಮ್ಮ ಹಳೆಯ ಆವೃತ್ತಿಯ ಕೋರೆಲ್‌ಡ್ರಾದಲ್ಲಿ ಅಂಟಿಸಿದ್ದ. ಅಂಥ ಹಳೆಯ ತಂತ್ರಾಂಶಕ್ಕೆ ಯೂನಿಕೋಡ್ ಕನ್ನಡದ ಒತ್ತು, ಗುಣಿತಗಳನ್ನು ಕೂಡಿಸಲು ಬರುವುದಿಲ್ಲ. ಕರ್ನಾಟಕದ ಮುದ್ರಣಾಲಯಗಳು ‘ನುಡಿ’ ತಂತ್ರಾಂಶದ ಆಸ್ಕಿ (ಯೂನಿಕೋಡ್ ಅಲ್ಲದ ಹಳೆಯ ಬಗೆಯ) ಅಕ್ಷರ ಬಳಸಿ ಈ ಕಷ್ಟವನ್ನು ದಾಟುತ್ತವೆ. ಇಲ್ಲಿಯವರಿಗೆ ಅದರ ಗಂಧವಿಲ್ಲ. ‘ಜಿಲೇಬಿಯ ಹಾಗೆ ಇರುತ್ತದಲ್ಲ ಸರ್, ನಮಗೆ ಹೇಗೆ ಗೊತ್ತಾಗಬೇಕು’ ಎಂದು ಮಾಲೀಕರು ನಕ್ಕರು. ಓದಲು ಬಾರದಿದ್ದರೆ ತಪ್ಪಿಲ್ಲ. ಓದಲು ಬಾರದ್ದನ್ನು ಕೇಳದೆ ಬದಲಿಸುವುದು ತಪ್ಪು.

ಅಕ್ಷರ ಕೆಟ್ಟರೂ ಪೆಡಲ್ ನುಡಿಯುತ್ತದೆ. ಇವು ನೆಟ್ಟಗೆ ನುಡಿಯಲೂ ಇಲ್ಲ. ಲೋಹದ ಡಬ್ಬ ಇರುವುದು ಅಂದಕ್ಕಲ್ಲ. ಗ್ರೌಂಡಿಗೆ ಸೇರಿಕೊಂಡಾಗ ಅದು ಸುತ್ತಲಿನ ವಿದ್ಯುತ್ ತಂತಿಗಳ 50 ಹರ್ಟ್ಸ್ ಗುಂಯ್ ಸದ್ದನ್ನು ತಡೆಯುವ ಕವಚ. ಆ ಸಂಪರ್ಕಕ್ಕೆ ಬಹುತೇಕ ಪೆಡಲ್‌ಗಳಲ್ಲಿ ಬೇರೆ ತಂತಿ ಇರುವುದಿಲ್ಲ. ಜಾಕ್‌ನ ಲೋಹದ ಭಾಗ ಡಬ್ಬದ ಬರಿಯ ಒಳಮೈಗೆ ಒತ್ತಿಕೊಂಡು ಕೂತರೆ ಕೆಲಸ ಮುಗಿಯಿತು. ಇವರು ಒಳಗೂ ಹೊರಗೂ ಪೌಡರ್ ಕೋಟಿಂಗ್ ಮಾಡಿದ್ದರು. ಅದು ಕುಲುಮೆಯಲ್ಲಿ ಕರಗಿ ಗಟ್ಟಿಯಾಗುವ ಪ್ಲಾಸ್ಟಿಕ್ ಪದರ, ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಜಾಕ್‌ಗೂ ಡಬ್ಬಕ್ಕೂ ಮಲ್ಟಿಮೀಟರ್ ಹಿಡಿದರೆ ಬೀಪ್ ಇಲ್ಲ. ಆ್ಯಂಪ್‌ಗೆ ಹಾಕಿದರೆ ಡಬ್ಬ ಮುಟ್ಟಿದಾಗ ಒಂದು ಸದ್ದು, ಕೈ ತೆಗೆದಾಗ ಇನ್ನೊಂದು. ಪ್ರತಿ ಜಾಕಿನ ಸುತ್ತ, ಮುಚ್ಚಳದ ಅಂಚಿನಲ್ಲಿ ಬ್ಲೇಡಿನಿಂದ ಕೆರೆದ ಮೇಲೆ ಗಲಾಟೆ ನಿಂತಿತು. ಸ್ಕ್ರೂ ತೂತುಗಳಿಗೂ ಪೌಡರ್ ತುಂಬಿ ಮುಚ್ಚಳ ಕೂರುತ್ತಿರಲಿಲ್ಲ. ಪಾಟ್ ತೂತುಗಳನ್ನು ಸರಿಯಾಗಿ 7ಕ್ಕೆ ಕೊರೆದು ಮೇಲೆ ಕೋಟಿಂಗ್ ಹಾಕಿದ್ದರಿಂದ ಪಾಟಿನ ಕುತ್ತಿಗೆ ಒಳಗೆ ಹೋಗಲಿಲ್ಲ. ನಾನು ಅರ್ಧ ಮಿಲಿಮೀಟರ್ ಹೆಚ್ಚು ಕೇಳಿದ್ದು ಇದಕ್ಕಾಗಿಯೇ.

ಇಷ್ಟೆಲ್ಲ ಸರಿಪಡಿಸಿ ಹುಡುಗರ ಕೈಗೆ ಒಂದು ಕೊಟ್ಟೆ. ಮಳೆಗಾಲ ಬೇರೆ. ನಾಬ್ ತಿರುಗಿಸುವ ಬೆವರು ಬೆರಳಿಗೆ ಮುದ್ರಣ ಎದ್ದು ಬರತೊಡಗಿತು. ನುಣುಪಾದ ಕೋಟಿಂಗ್ ಮೇಲೆ ಯುವಿ (ಅತಿನೇರಳೆ ಬೆಳಕಿಗೆ ಗಟ್ಟಿಯಾಗುವ) ಶಾಯಿ ಹಿಡಿಯಬೇಕಾದರೆ ಮೊದಲು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಪ್ರೈಮರ್ ಹಚ್ಚಬೇಕು. ಇಲ್ಲಿ ಎರಡೂ ಆಗಿರಲಿಲ್ಲ. ಒಡೆದ ಅಕ್ಷರಗಳು ತಾವಾಗಿಯೇ ಉದುರಿದವು ಎಂದು ಹುಡುಗರು ತಮಾಷೆ ಮಾಡಿದರು. ನನಗೆ ನಗು ಬರಲಿಲ್ಲ.

ನಿಜಕ್ಕೂ ಅಪಾಯದ್ದು ಅಡಾಪ್ಟರ್ ಚಿಹ್ನೆ. ಗಿಟಾರ್ ಪೆಡಲ್‌ಗಳ ರೂಢಿ 9 ವೋಲ್ಟ್, ಅಡಾಪ್ಟರ್ ಪಿನ್ನಿನ ನಡುವೆ ಋಣ (ಮೈನಸ್). ಮನೆಯ ಬೇರೆ ಉಪಕರಣಗಳ ಅಡಾಪ್ಟರ್‌ಗಳಲ್ಲಿ ಹೆಚ್ಚಾಗಿ ನಡುವೆ ಧನ ಇರುತ್ತದೆ. ಅಂಗಡಿಯವರು ನಾನು ಬರೆದ ಚಿಹ್ನೆ ತೆಗೆದು, ತಮ್ಮಲ್ಲಿ ಸಿದ್ಧವಿದ್ದ ‘ನಡುವೆ ಧನ’ದ ಚಿಹ್ನೆ ಅಂಟಿಸಿದ್ದರು. ಒಬ್ಬ ಹುಡುಗ ಅದನ್ನು ನಂಬಿ 9 ವೋಲ್ಟಿನ ರೂಟರ್ ಅಡಾಪ್ಟರನ್ನೇ ಚುಚ್ಚಿದ. ಒಳಗೆ ಸರಣಿಯಲ್ಲಿ, ಉಲ್ಟಾ ಬಂದ ವಿದ್ಯುತ್ತನ್ನು ತಡೆಯುವ 1ಎನ್5817 ಡಯೋಡ್ ಇದ್ದುದರಿಂದ ದೀಪ ಹತ್ತಲಿಲ್ಲ, ಅಷ್ಟೇ. ಡಯೋಡ್ ಇಲ್ಲದಿದ್ದರೆ ಐಸಿ, ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಎಲ್ಲವೂ ಹೋಗುತ್ತಿದ್ದವು.

ಹಣ ಕೇಳಿದರೆ ‘ಮುಂದಿನ ಆರ್ಡರ್‌ನಲ್ಲಿ ರಿಯಾಯಿತಿ’ ಎಂದರು. ಬಿಲ್ ಕೇಳಿದರೆ ಮೌನ. ಡಬ್ಬಗಳು ಮಾತ್ರ ಒಳ್ಳೆಯ ಎರಕದವು, ಅದನ್ನು ಒಪ್ಪಿಕೊಳ್ಳಬೇಕು.

ಅಂಗಡಿಗೆ ಕೊಡಲೇಬೇಕೆಂದಿದ್ದರೆ ಮೊದಲು ಒಂದೇ ಡಬ್ಬ ಮಾಡಿಸಿ. ಮುದ್ರಣವಾದ ಮರುದಿನ ಮೂಲೆಯಲ್ಲಿ ಬ್ಲೇಡಿನಿಂದ ಅಡ್ಡ ಉದ್ದ ಗೀರು ಎಳೆದು, ಸೆಲ್ಲೊಟೇಪ್ ಒತ್ತಿ ಅಂಟಿಸಿ ಕಿತ್ತು ನೋಡಿ. ಶಾಯಿ ಟೇಪಿಗೆ ಬಂದರೆ ಉಳಿದದ್ದನ್ನು ಕೊಡಬೇಡಿ. ಒಳಮೈಗೂ ಸ್ಕ್ರೂ ತೂತಿಗೂ ಮರೆ ಕಟ್ಟಿದ್ದಾರೆಯೇ ಎಂದು ಕಣ್ಣಾರೆ ನೋಡಿ. ಮುದ್ರಣಕ್ಕೆ ಮುಂಚೆ ಪರದೆಯ ಚಿತ್ರ ತರಿಸಿಕೊಂಡು ಕನ್ನಡ ಓದುವವರೇ ಓದಿ. ಕನ್ನಡ ಪದಗಳನ್ನು ಸಂದೇಶದಲ್ಲಿ ಬರೆದು ಕಳಿಸಲೇಬೇಡಿ, ಕರ್ವ್ ಕಡತ ಬಿಟ್ಟು ಅವರ ಕೈಗೆ ಬೇರೇನೂ ಸಿಗಬಾರದು. ನಾನೀಗ ಮುದ್ರಣವನ್ನೇ ಬಿಟ್ಟಿದ್ದೇನೆ. ಹಗಲಲ್ಲಿ ಸ್ಟೆಪ್ ಡ್ರಿಲ್‌ನಿಂದ ನಾನೇ ಕೊರೆದು, ಹೊರಮೈಗಷ್ಟೇ ಕೋಟಿಂಗ್ ಮಾಡಿಸಿ, ಅಕ್ಷರಗಳನ್ನು ಲೇಸರ್‌ನಲ್ಲಿ ಕೊರೆಸುತ್ತೇನೆ. ಲೇಸರ್ ಬಣ್ಣ ಸುಟ್ಟು ಕೆಳಗಿನ ಅಲ್ಯೂಮಿನಿಯಂ ತೋರಿಸುತ್ತದೆ. ಎದ್ದು ಬರಲು ಅಲ್ಲಿ ಶಾಯಿಯೇ ಇರುವುದಿಲ್ಲ.

ಆ ಅಂಗಡಿಯವರು ತಮ್ಮ ಮಾದರಿಗಳ ಫೋಟೊಗಳನ್ನು ಹೊಸ ಗಿರಾಕಿಗಳಿಗೆ ಕಳಿಸುತ್ತಿರುತ್ತಾರೆ. ಅದರಲ್ಲಿ ಕಡು ಹಸಿರು ಡಬ್ಬವೊಂದಿದೆ, ಮೂರು ನಾಬ್, ಮೇಲೆ ಹಲಂತ ಬೇರೆ ಅಕ್ಷರ ಬೇರೆಯಾದ ಕನ್ನಡ. ಅದು ನನ್ನದು. ನಿಮಗೆ ಯಾರಾದರೂ ಆ ಚಿತ್ರ ಕಳಿಸಿದರೆ ಇದೇ ಅಂಗಡಿ ಎಂದು ತಿಳಿಯಿರಿ.