ಮಳೆಗಾಲದ ಮನೆಯಲ್ಲಿ ಎರಡು ಟ್ಯಾಬ್: ಅಗ್ಗದ್ದು ಸಾಕೇ, ದುಬಾರಿಯದ್ದು ಬೇಕೇ?

ಅಂಗಡಿಯಲ್ಲಿ ದುಬಾರಿ ಟ್ಯಾಬ್ ಮಾರುವವರು ಮೊದಲು ತೋರಿಸುವುದು ಅದರ ಪರದೆಯನ್ನು. ಜಲಪಾತ, ಗಿಳಿ, ಹೂವಿನ ತೋಟ ಇರುವ ಒಂದು ವಿಡಿಯೊ ಹಾಕಿ ಕೈಗೆ ಕೊಡುತ್ತಾರೆ. ಮನೆಗೆ ತಂದ ಮೇಲೆ ಆ ಗಿಳಿಯನ್ನು ಯಾರೂ ನೋಡುವುದಿಲ್ಲ. ನೋಡುವುದು ಯೂಟ್ಯೂಬಿನ ಯಕ್ಷಗಾನ, ಅಡುಗೆ, ಕ್ರಿಕೆಟ್, ರಾತ್ರಿ ಒಂದು ಸಿನಿಮಾ, ಬೆಳಿಗ್ಗೆ ಇ-ಪೇಪರ್. ಈ ಕೆಲಸಗಳಿಗೆ ಯಾವುದು ಸರಿ ಎಂಬುದನ್ನಷ್ಟೇ ಹೇಳುತ್ತೇನೆ.

ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಸಮೀಪ ತೋಟದೊಳಗಿನ ಮನೆ ನಮ್ಮದು. 2021ರಲ್ಲಿ ಮಗಳ ಆನ್‌ಲೈನ್ ತರಗತಿಗೆಂದು ಸುಮಾರು ಹನ್ನೊಂದು ಸಾವಿರಕ್ಕೆ ಒಂದು ಟ್ಯಾಬ್ ತಂದೆವು. ಅದರ ಕಂಪನಿಯ ಹೆಸರು ಬೇಡ. 10.1 ಇಂಚು, 1280×800 ಚುಕ್ಕಿಗಳ ಪರದೆ, 3 ಜಿಬಿ ರ್‍ಯಾಮ್, 32 ಜಿಬಿ ಸಂಗ್ರಹ. ಎರಡು ವರ್ಷದ ನಂತರ ಯಜಮಾನರು ತೋಟದ ಲೆಕ್ಕಪತ್ರಕ್ಕೆಂದು ಸ್ಯಾಮ್ಸಂಗ್ ಗ್ಯಾಲಕ್ಸಿ ಟ್ಯಾಬ್ ಎಸ್9 ಕೊಂಡರು. 11 ಇಂಚಿನ ಅಮೋಲೆಡ್ (ಪ್ರತಿ ಚುಕ್ಕಿಯೂ ತಾನೇ ಬೆಳಗುವ) ಪರದೆ, 2560×1600, ಜೊತೆಗೊಂದು ಪೆನ್ನು. ಲೆಕ್ಕ ಈಗಲೂ ಕೆಂಪು ರಟ್ಟಿನ ಪುಸ್ತಕದಲ್ಲೇ ನಡೆಯುತ್ತಿದೆ, ಟ್ಯಾಬ್ ಮಾತ್ರ ಮನೆಯವರೆಲ್ಲರ ಪಾಲಾಗಿದೆ.

ವಿಡಿಯೊ ಮಟ್ಟಿಗೆ ಹೇಳುವುದಾದರೆ, ಚಿತ್ರ ಎಷ್ಟು ಸ್ಪಷ್ಟವಾಗಿ ಬರಬೇಕು ಎಂಬುದನ್ನು ಟ್ಯಾಬ್‌ಗಿಂತ ಮೊದಲು ತೀರ್ಮಾನಿಸುವುದು ನೆಟ್‌ವರ್ಕ್ ಮತ್ತು ನೀವು ಕಟ್ಟುವ ಚಂದಾ. ನೆಟ್‌ಫ್ಲಿಕ್ಸಿನ 149 ರೂಪಾಯಿಯ ಮೊಬೈಲ್ ಪ್ಲ್ಯಾನ್‌ನಲ್ಲಿ ಟ್ಯಾಬ್‌ಗೂ ಸಿಗುವುದು 480ಪಿ ಎಂಬ ಕಡಿಮೆ ಸ್ಪಷ್ಟತೆಯ ಚಿತ್ರವೇ. ಎಪ್ಪತ್ತು ಸಾವಿರ ದಾಟಿದ ಪರದೆಯ ಮೇಲೂ ಅಷ್ಟೇ, ಹನ್ನೊಂದು ಸಾವಿರದ್ದರ ಮೇಲೂ ಅಷ್ಟೇ. ನಿಜ ಹೇಳಬೇಕೆಂದರೆ ಒಳ್ಳೆಯ ಪರದೆಯಲ್ಲಿ ಆ ಮಸುಕು ಇನ್ನೂ ಎದ್ದು ಕಾಣುತ್ತದೆ. ನಮ್ಮ ಕಡೆ ಜೋರು ಮಳೆ ಹಿಡಿದರೆ ಮರ ಬಿದ್ದು ಕರೆಂಟ್ ಹೋಗುತ್ತದೆ, ಕರೆಂಟಿನ ಹಿಂದೆಯೇ ಫೈಬರ್ ಸಂಪರ್ಕವೂ ಹೋಗುತ್ತದೆ. ಆಮೇಲೆ ಉಳಿಯುವುದು ಜಗಲಿಯ ಕಿಟಕಿಯಲ್ಲಿ ಮಾತ್ರ ಸಿಗುವ ಮೊಬೈಲ್ ಸಿಗ್ನಲ್. ಮೊಬೈಲನ್ನು ಆ ಕಿಟಕಿಯಲ್ಲಿ ಇಟ್ಟು ಹಾಟ್‌ಸ್ಪಾಟ್ ಹಾಕಿದರೆ ಒಳಗೆ ಕುಳಿತೇ ಟ್ಯಾಬ್ ನೋಡಬಹುದು. ಟ್ಯಾಬ್‌ಗೇ ಸಿಮ್ ಹಾಕಿದ್ದರೆ ನಾವೂ ಕಿಟಕಿಯಲ್ಲೇ ನಿಲ್ಲಬೇಕಾಗುತ್ತಿತ್ತು. ಆದ್ದರಿಂದ ಮಲೆನಾಡಿನ ಮನೆಗೆ ಸಿಮ್ ಇರುವ ಮಾದರಿಗೆಂದು ಹೆಚ್ಚು ಹಣ ಕೊಡುವುದು ದಂಡ ಎಂಬುದು ನನ್ನ ಅಭಿಪ್ರಾಯ.

ಅಗ್ಗದ ಟ್ಯಾಬ್ ಕೊಳ್ಳುವವರು ನೋಡಲೇಬೇಕಾದದ್ದು ವೈಡ್‌ವೈನ್ ಮಟ್ಟ. ಸಿನಿಮಾ ಆ್ಯಪ್‌ಗಳು ಕಳ್ಳಪ್ರತಿ ತಡೆಯಲು ಬಳಸುವ ಬೀಗ ಅದು. ಎಚ್‌ಡಿ ಬೇಕೆಂದರೆ ಎಲ್1 ಇರಲೇಬೇಕು. ಎಲ್3 ಮಾತ್ರ ಇದ್ದರೆ ನೆಟ್‌ಫ್ಲಿಕ್ಸ್, ಪ್ರೈಮ್ ವಿಡಿಯೊದಂಥವು ಕೆಳದರ್ಜೆಯ ಚಿತ್ರವನ್ನೇ ಕೊಡುತ್ತವೆ, ನೀವು ಎಷ್ಟು ದೊಡ್ಡ ಪ್ಲ್ಯಾನ್ ತೆಗೆದುಕೊಂಡಿದ್ದರೂ ಸರಿ. ನಮ್ಮ ಹಳೆಯದು ಎಲ್3. ಪೆಟ್ಟಿಗೆಯ ಮೇಲೆ ಇದನ್ನು ಬರೆದಿರುವುದು ಅಪರೂಪ. ಡಿಆರ್‌ಎಂ ಇನ್ಫೊ ಎಂಬ ಉಚಿತ ಆ್ಯಪ್ ಹಾಕಿದರೆ ಕ್ಷಣದಲ್ಲಿ ಗೊತ್ತಾಗುತ್ತದೆ, ಅಂಗಡಿಯಲ್ಲೇ ಹಾಕಿಸಿ ನೋಡಿ. ಯೂಟ್ಯೂಬಿನ ಸಾಮಾನ್ಯ ವಿಡಿಯೊಗಳಿಗೆ ಈ ಕಾಟವಿಲ್ಲ.

ಅಮೋಲೆಡ್‌ನ ಹೆಚ್ಚುಗಾರಿಕೆ ಕಾಣುವುದು ಕತ್ತಲೆಯಲ್ಲಿ. ಕರೆಂಟ್ ಹೋದ ರಾತ್ರಿ ಯಕ್ಷಗಾನ ಹಾಕಿದರೆ ವೇಷದ ಹಿಂದಿನ ಕತ್ತಲು ಕತ್ತಲಾಗಿಯೇ ಇರುತ್ತದೆ, ಕಿರೀಟದ ಮಣಿಗಳು ಒಂದೊಂದಾಗಿ ಹೊಳೆಯುತ್ತವೆ. ಅಗ್ಗದ ಟ್ಯಾಬ್‌ಗಳಲ್ಲಿರುವ ಎಲ್‌ಸಿಡಿ ಪರದೆಯಲ್ಲಿ ಹಿಂಬದಿಯ ಬೆಳಕು ಸದಾ ಉರಿಯುತ್ತಿರುವುದರಿಂದ ಅದೇ ಕತ್ತಲು ಬೂದಿ ಬಣ್ಣಕ್ಕೆ ತಿರುಗುತ್ತದೆ. ಆದರೆ ಪ್ರಸಂಗವನ್ನು ಯಾರೋ ಸಭೆಯ ಹಿಂದಿನ ಸಾಲಿನಲ್ಲಿ ನಿಂತು ಮೊಬೈಲಿನಲ್ಲಿ ಹಿಡಿದಿದ್ದರೆ ಯಾವ ಪರದೆಯಾದರೂ ಒಂದೇ.

ಧ್ವನಿಯ ವಿಷಯ ಬೇರೆ. ಆಷಾಢದಲ್ಲಿ ಅಡುಗೆಮನೆಯ ಶೀಟಿನ ಮೇಲೆ ಮಳೆ ಬೀಳುವಾಗ ಹಳೆಯ ಟ್ಯಾಬ್‌ನ ಮಾತು ಪಕ್ಕದಲ್ಲಿದ್ದವರಿಗೂ ಕೇಳುವುದಿಲ್ಲ. ಎರಡೂ ಸ್ಪೀಕರ್ ಒಂದೇ ಬದಿಯಲ್ಲಿವೆ, ಕೈಯಲ್ಲಿ ಹಿಡಿದರೆ ಅಂಗೈಯೇ ಅವನ್ನು ಮುಚ್ಚುತ್ತದೆ. ಎಸ್9ರ ನಾಲ್ಕು ಸ್ಪೀಕರ್‌ಗಳಲ್ಲಿ ಚಂಡೆ ಮದ್ದಳೆ ಬೇರೆಬೇರೆಯಾಗಿ ಕೇಳುತ್ತವೆ. ಹಾಗೆಂದು ಧ್ವನಿಗಾಗಿಯೇ ಅಷ್ಟು ಹಣ ಸುರಿಯಬೇಕಿಲ್ಲ. ಎರಡು ಸಾವಿರದೊಳಗಿನ ಒಂದು ಬ್ಲೂಟೂತ್ ಸ್ಪೀಕರ್ ಜೋಡಿಸಿದ ಮೇಲೆ ಹಳೆಯದರ ಈ ಕೊರತೆ ಮುಗಿಯಿತು. ಅತ್ತೆಯವರಿಗಂತೂ ಹಳೆಯದೇ ಇಷ್ಟ, ಏಕೆಂದರೆ ಅದಕ್ಕೆ ವೈರಿನ ಇಯರ್‌ಫೋನ್ ಚುಚ್ಚಬಹುದು. ದುಬಾರಿ ದರ್ಜೆಯಲ್ಲಿ ಆ ಕಿಂಡಿಯೇ ಇರುವುದಿಲ್ಲ.

ದುಬಾರಿಯದ್ದು ನಿಜವಾಗಿ ಗೆದ್ದದ್ದು ಓದಿನಲ್ಲಿ. ಇದನ್ನು ಯಾರೂ ಹೇಳುವುದಿಲ್ಲ, ಏಕೆಂದರೆ ವಿಮರ್ಶೆ ಮಾಡುವವರಲ್ಲಿ ಹೆಚ್ಚಿನವರು ಕನ್ನಡ ಇ-ಪೇಪರ್ ತೆರೆದು ನೋಡುವವರಲ್ಲ. ಹಳೆಯ ಪರದೆಯಲ್ಲಿ ಒಂದು ಇಂಚಿಗೆ ಸುಮಾರು 149 ಚುಕ್ಕಿ, ಎಸ್9ರಲ್ಲಿ ಸುಮಾರು 274. ಇಂಗ್ಲಿಷ್ ಅಕ್ಷರಕ್ಕೆ 149 ನಡೆದೀತು. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇನ್ನೂ ಚಿಕ್ಕದಾಗಿ ಕುಳಿತಿರುತ್ತವೆ. ಪುಟವನ್ನು ಪೂರ್ತಿ ತೆರೆದರೆ ‘ರಾಷ್ಟ್ರ’ದ ಕೆಳಗೆ ಒಂದು ಕಪ್ಪು ಮುದ್ದೆ ಮಾತ್ರ ಕಾಣುತ್ತದೆ, ‘ದ್ದ’ ಯಾವುದು ‘ದ್ಧ’ ಯಾವುದು ತಿಳಿಯುವುದಿಲ್ಲ. ಹಿಗ್ಗಿಸಿ ನೋಡೋಣವೆಂದರೆ 3 ಜಿಬಿ ರ್‍ಯಾಮಿನ ಯಂತ್ರ ಪುಟವನ್ನು ಮತ್ತೆ ಮೂಡಿಸುವಷ್ಟರಲ್ಲಿ ಕಾಫಿ ಆರಿರುತ್ತದೆ. ಮಾವನವರು ಕೆಲವು ದಿನ ಹೆಣಗಿ, “ಇದರಲ್ಲಿ ಓದಿದರೆ ಕಣ್ಣು ಹೋಗುತ್ತದಮ್ಮಾ, ಆ ಇನ್ನೊಂದನ್ನು ಕೊಡು” ಎಂದರು. ಅಂದಿನಿಂದ ಬೆಳಗಿನ ಹೊತ್ತು ಎಸ್9 ಅವರದೇ. ಪತ್ರಿಕೆ, ಪಿಡಿಎಫ್ ಓದುವುದೇ ಮುಖ್ಯವಾದರೆ ಐಪ್ಯಾಡ್ ಕೂಡ ನೋಡಬಹುದು. ಅದರ ಪರದೆ ಚೌಕಕ್ಕೆ ಹೆಚ್ಚು ಹತ್ತಿರವಾಗಿರುವುದರಿಂದ ಪಿಡಿಎಫ್ ಪುಟ ಚೆನ್ನಾಗಿ ಕೂರುತ್ತದೆ. ಸಿನಿಮಾಕ್ಕೆ ಮಾತ್ರ ಮೇಲೂ ಕೆಳಗೂ ದಪ್ಪ ಕಪ್ಪು ಪಟ್ಟಿ ಬರುತ್ತದೆ. ಮೆಮೊರಿ ಕಾರ್ಡ್ ಹಾಕಲೂ ಆಗುವುದಿಲ್ಲ. ನೆಟ್ ಇದ್ದಾಗ ಇಳಿಸಿಕೊಂಡು ಇಲ್ಲದಾಗ ನೋಡುವ ನಮ್ಮಂಥವರಿಗೆ ಕಾರ್ಡ್ ಬೇಕು.

ಬಾಳಿಕೆಯಲ್ಲಿ ಹಳೆಯದು ಸೋತಿಲ್ಲ, ಸುಸ್ತಾಗಿದೆ. 32 ಜಿಬಿಯಲ್ಲಿ ದೊಡ್ಡ ಪಾಲನ್ನು ಆಂಡ್ರಾಯ್ಡ್ ಮತ್ತು ಕಂಪನಿಯ ಆ್ಯಪ್‌ಗಳೇ ನುಂಗಿವೆ, ಸುರಕ್ಷತಾ ಅಪ್‌ಡೇಟ್ ಬರುವುದು ನಿಂತು ಬಹಳ ಕಾಲವಾಯಿತು. ಚಾರ್ಜಿಂಗ್ ಪಿನ್ ಸಡಿಲವಾದಾಗ ಚಿಕ್ಕಮಗಳೂರಿನ ಐ.ಜಿ. ರಸ್ತೆಯ ಕಡೆಯ ಒಂದು ಸಣ್ಣ ಅಂಗಡಿಯಲ್ಲಿ ಕೆಲವೇ ನೂರು ರೂಪಾಯಿಗೆ ಸರಿಯಾಯಿತು. ಎಸ್9 2023ರ ಮಾದರಿ, ಅದಕ್ಕೆ ಐದು ವರ್ಷ ಸುರಕ್ಷತಾ ಅಪ್‌ಡೇಟ್ ಕೊಡುವುದಾಗಿ ಕಂಪನಿ ಹೇಳಿದೆ. ನೀರು, ದೂಳು ತಡೆಯುವ ಐಪಿ68 ದರ್ಜೆ ಇರುವುದರಿಂದ ಒದ್ದೆ ಕೈಯಲ್ಲಿ ಮುಟ್ಟಲು ಹೆದರಿಕೆ ಇಲ್ಲ. ಆದರೆ ಅದರ ಗಾಜು ಒಡೆದರೆ ಎಂಬ ಯೋಚನೆ ಮನೆಯಲ್ಲಿ ಎಲ್ಲರಿಗೂ ಇದೆ, ಹಾಗಾಗಿ ಅದು ಅಡುಗೆಮನೆಗೆ ಬರುವುದೇ ಇಲ್ಲ.

ಸಕಲೇಶಪುರದ ತಂಗಿ ಯಾವುದು ತರಲಿ ಎಂದು ಕೇಳಿದಾಗ ಎರಡನ್ನೂ ಹೇಳಲಿಲ್ಲ. ಅವರ ಮನೆಯಲ್ಲಿ ಇ-ಪೇಪರ್ ಓದುವವರಿಲ್ಲ, ಭಾವನವರಿಗೆ ಕ್ರಿಕೆಟ್ ಒಂದಿದ್ದರೆ ಸಾಕು. 11 ಇಂಚು, 1920×1200, ನಾಲ್ಕು ಸ್ಪೀಕರ್, ಕಾರ್ಡ್ ಕಿಂಡಿ, ಇಯರ್‌ಫೋನ್ ಕಿಂಡಿ ಎಲ್ಲವೂ ಇರುವ ಗ್ಯಾಲಕ್ಸಿ ಟ್ಯಾಬ್ ಎ9 ಪ್ಲಸ್‌ನಂಥದ್ದನ್ನು ವೈ-ಫೈ ಮಾದರಿಯಲ್ಲಿ ನೋಡು, ಹತ್ತು ಸಾವಿರದ ಕೆಳಗಿನದನ್ನು ಮುಟ್ಟಲೂ ಬೇಡ, ಉಳಿದ ಹಣದಲ್ಲಿ ಒಂದು ಸ್ಪೀಕರ್ ತಾ ಎಂದೆ. ಹಾಗೆಯೇ ತಂದಿದ್ದಾಳೆ. ಪೆನ್ನು ಬರಲಿಲ್ಲವೆಂದು ಅವಳ ಮಗ ಇನ್ನೂ ನನ್ನ ಮೇಲೆ ಮುನಿಸಿಕೊಂಡಿದ್ದಾನೆ.