‘ಧಾರಾಳವಾಗಿ ನನ್ನ ಹೆಸರು ಬರೆ ತಂಗೀ’ ಎಂದವರನ್ನು ನಂಬಿ ಕೆಟ್ಟೆ

ಕೆಲಸದ ಅರ್ಜಿಯಲ್ಲಿ ರೆಫರೆನ್ಸ್ ಎಂದು, ನಮ್ಮ ಬಗ್ಗೆ ವಿಚಾರಿಸಲು, ಎರಡು ಹೆಸರು ಕೇಳುತ್ತಾರಲ್ಲ, ಅದನ್ನು ದಯವಿಟ್ಟು ನನ್ನ ಹಾಗೆ ಹಗುರವಾಗಿ ತುಂಬಬೇಡಿ. ನಾನು ಐದು ನಿಮಿಷದಲ್ಲಿ ತುಂಬಿ ಕಳುಹಿಸಿದೆ. ಕಾರವಾರದ ಕೆಲಸ ಹೋಯಿತು. ಕೋಡಿಬಾಗದಲ್ಲಿ ಕೋಣೆಗೆಂದು ಕೊಟ್ಟ 3,000 ರೂಪಾಯಿ ಮುಂಗಡ ಹೋಯಿತು. ನೇಮಕಾತಿ ಪತ್ರ ಕೈಗೆ ಬರುವ ಮೊದಲೇ ನೆಂಟರಿಷ್ಟರಿಗೆಲ್ಲ ಫೋನ್ ಮಾಡಿ ಹೇಳಿದ್ದೆ. ಈಗ ಅವರೆಲ್ಲ ‘ಯಾವಾಗ ಹೊರಡುವುದು?’ ಎಂದು ಕೇಳುತ್ತಿದ್ದಾರೆ.

ನಾನು ಶಿರಸಿಯ ಒಂದು ಅಡಿಕೆ ದಲಾಲಿ ಅಂಗಡಿಯಲ್ಲಿ ನಾಲ್ಕು ವರ್ಷ ಲೆಕ್ಕ ಬರೆದವಳು. ಅಡಿಕೆಯ ಬಗೆಗಳಲ್ಲಿ ರಾಶಿ ಎಷ್ಟು ಚೀಲ, ಚಾಲಿ ಎಷ್ಟು, ಬೆಟ್ಟೆ ಎಷ್ಟು, ಯಾರು ಎಷ್ಟು ಮುಂಗಡ ಒಯ್ದಿದ್ದಾರೆ ಎನ್ನುವುದೆಲ್ಲ ಪುಸ್ತಕ ತೆರೆಯದೆಯೇ ಹೇಳುತ್ತಿದ್ದೆ. ಅಮ್ಮನ ಮಂಡಿಯ ಶಸ್ತ್ರಚಿಕಿತ್ಸೆಗೆಂದು ಕೆಲಸ ಬಿಟ್ಟೆ. ಬಿಡುವಾಗ ಒಂದು ತಿಂಗಳು ಮೊದಲೇ ತಿಳಿಸಿ, ಹೊಸ ಹುಡುಗನಿಗೆ ಎಲ್ಲ ಕಲಿಸಿಕೊಟ್ಟೇ ಬಂದಿದ್ದೆ. ಅಮ್ಮ ಓಡಾಡುವಂತಾದ ಮೇಲೆ ಕಾರವಾರದ ಒಂದು ಗುತ್ತಿಗೆ ಸಂಸ್ಥೆಗೆ ಅರ್ಜಿ ಹಾಕಿದೆ. ತಿಂಗಳಿಗೆ 21,000. ಅಂಗಡಿಯಲ್ಲಿ ಸಿಗುತ್ತಿದ್ದುದು 13,000.

ಅಂಗಡಿಯ ಯಜಮಾನರಿಗೆ ಫೋನ್ ಮಾಡಿ ಕೇಳಿಯೇ ಅವರ ಹೆಸರು ಬರೆದದ್ದು. ಕೇಳದೆ ಬರೆದೆ ಎಂದು ಯಾರೂ ಹೇಳಬಾರದು. ‘ಇದೇನು ಕೇಳುತ್ತೀಯ, ಧಾರಾಳವಾಗಿ ನನ್ನ ಹೆಸರು ಬರೆ ತಂಗೀ. ನೀನು ನಮ್ಮ ಮನೆಯ ಮಗಳಿದ್ದ ಹಾಗೆ’ ಎಂದರು. ನನಗೆ ಕಣ್ಣಲ್ಲಿ ನೀರು ಬಂದಿತ್ತು. ಈಗ ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಎರಡನೆಯ ಹೆಸರು ದೊಡ್ಡಪ್ಪನ ಸ್ನೇಹಿತರದು, ನಿವೃತ್ತ ಬ್ಯಾಂಕ್ ಮ್ಯಾನೇಜರ್. ‘ದೊಡ್ಡ ಹೆಸರು ಇದ್ದರೆ ತೂಕ’ ಎಂದು ದೊಡ್ಡಪ್ಪ ಬರೆಸಿದರು. ಸಂಸ್ಥೆಯವರು ಫೋನ್ ಮಾಡಿ ನನ್ನ ಕೆಲಸದ ಬಗ್ಗೆ ಕೇಳಿದ್ದಕ್ಕೆ ಆ ಮಹನೀಯರು ‘ಯಾವ ಹುಡುಗಿ? ಆ ಮನೆಯಲ್ಲಿ ಇಬ್ಬರಿದ್ದಾರೆ’ ಎಂದರಂತೆ. ಆಮೇಲೆ ‘ಮನೆತನ ಒಳ್ಳೆಯದು, ಎರಡು ಎಕರೆ ತೋಟ ಇದೆ’ ಎಂದರಂತೆ. ಹೆಣ್ಣು ನೋಡಲು ಬಂದವರೆಂದು ತಿಳಿದರೋ ಏನೋ. ಹೋಗಲಿ, ಅವರಿಂದ ಕೆಡುಕೇನೂ ಆಗಲಿಲ್ಲ.

ಕೆಟ್ಟದ್ದು ಯಜಮಾನರಿಂದ. ಸಂಸ್ಥೆಯ ಎಚ್.ಆರ್. ಮೇಡಂ ಫೋನ್ ಮಾಡಿದಾಗ ನಾನು ಕೋಣೆ ನೋಡಿಕೊಂಡು ಕುಮಟಾ ದಾಟಿ ಶಿರಸಿ ಬಸ್ಸಿನಲ್ಲಿದ್ದೆ. ‘ನಿಮ್ಮ ಹಿಂದಿನ ಅಂಗಡಿಯವರು ಲೆಕ್ಕದಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆಗಿತ್ತು ಎಂದರಲ್ಲ, ಅದೇನು?’ ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ದೇವಿಮನೆ ಘಟ್ಟ ಬಂತು, ನೆಟ್‌ವರ್ಕ್ ಹೋಯಿತು. ಘಟ್ಟ ಹತ್ತಿ ಮುಗಿಯುವವರೆಗೂ ‘ಹೆಚ್ಚುಕಡಿಮೆ’ ಎಂಬ ಆ ಒಂದೇ ಮಾತು ತಲೆಯಲ್ಲಿ ತಿರುಗುತ್ತಿತ್ತು. ಲೆಕ್ಕ ಬರೆಯುವವಳ ಬಗ್ಗೆ ಹೆಚ್ಚುಕಡಿಮೆ ಎಂದರೆ ಕೇಳಿದವರು ಏನೆಂದುಕೊಳ್ಳುತ್ತಾರೆ? ಹಣ ಹೊಡೆದಿದ್ದಾಳೆ ಎಂದೇ ತಾನೇ?

ಆ ಹೆಚ್ಚುಕಡಿಮೆ ಯಾವುದು ಎಂದು ಹೇಳುತ್ತೇನೆ. 450 ರೂಪಾಯಿ. 2024ರ ಮಾರ್ಚ್, ಮಾರಿಕಾಂಬಾ ಜಾತ್ರೆಯ ಸಮಯ. ಫೆಬ್ರವರಿಯ ಜಿ.ಎಸ್.ಟಿ. 3ಬಿ ರಿಟರ್ನ್, ಅಂದರೆ ಆ ತಿಂಗಳ ತೆರಿಗೆ ಲೆಕ್ಕ, ತುಂಬಲು 20 ಕೊನೆಯ ದಿನ. ನಾನು 18ಕ್ಕೇ ಎಲ್ಲ ಸಿದ್ಧ ಮಾಡಿಟ್ಟಿದ್ದೆ. ಆದರೆ ತೆರಿಗೆ ಕಟ್ಟಲು ಹಣ ಬಿಡಬೇಕಾದವರು ಯಜಮಾನರು, ಓ.ಟಿ.ಪಿ. ಬರುವುದೂ ಅವರ ಮೊಬೈಲಿಗೆ. ‘ಯಜಮಾನರೇ, ನಾಡಿದ್ದು ಕೊನೆಯ ದಿನ’ ಎಂದು ಕಳುಹಿಸಿದ ಸಂದೇಶ ಈಗಲೂ ನನ್ನ ಬಳಿ ಇದೆ. ‘ಜಾತ್ರೆ ಮುಗಿಯಲಿ ತಂಗೀ’ ಎಂಬ ಅವರ ಉತ್ತರವೂ ಇದೆ. ತುಂಬಿದ್ದು 29ಕ್ಕೆ. ದಿನಕ್ಕೆ 50ರಂತೆ ಒಂಬತ್ತು ದಿನದ ತಡಶುಲ್ಕ 450, ಮೇಲೆ ಒಂದಿಷ್ಟು ಬಡ್ಡಿ. ನಾಲ್ಕು ವರ್ಷದಲ್ಲಿ ಆದ ತಪ್ಪು ಇದೊಂದೇ, ಅದೂ ನನ್ನದಲ್ಲ.

ಮನೆಗೆ ಬಂದು ಎಚ್.ಆರ್. ಮೇಡಂಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಸಮಾಧಾನದಿಂದಲೇ ಕೇಳಿದರು. ‘ಆಯಿತು, ತಿಳಿಸುತ್ತೇವೆ’ ಎಂದರು. ಅದರ ಅರ್ಥ ನಿಮಗೂ ಗೊತ್ತು.

ಇನ್ನು ಕೇಳಿ. ಅದೇ ಸಂಜೆ, ನಾನು ಮನೆಯವರಿಗೂ ಇನ್ನೂ ಹೇಳಿರಲಿಲ್ಲ, ಯಜಮಾನರ ಫೋನ್ ಬಂತು. ‘ಕಾರವಾರದ್ದು ಆಗಲಿಲ್ಲವಂತೆ? ಬೇಜಾರು ಮಾಡಿಕೊಳ್ಳಬೇಡ. ಆ ಹುಡುಗ ಬಿಟ್ಟುಹೋದ, ನಿನ್ನ ಕುರ್ಚಿ ಖಾಲಿಯೇ ಇದೆ. ಈ ಸಲ ಐನೂರು ಜಾಸ್ತಿ ಹಾಕೋಣ.’

ಆಗಲಿಲ್ಲವಂತೆ! ಯಾರು ಹೇಳಿದರು ಅವರಿಗೆ? ಯಾರೂ ಹೇಳಿಲ್ಲ. ತಾವು ಆಡಿದ ಮಾತಿಗೆ ಏನಾಗುತ್ತದೆ ಎಂದು ಅವರಿಗೆ ಗೊತ್ತಿತ್ತು, ಅಷ್ಟೇ. ಮನೆಯ ಮಗಳಂತೆ!

‘ಹೀಗೇಕೆ ಹೇಳಿದಿರಿ?’ ಎಂದೆ.

‘ನಾನೇನು ಸುಳ್ಳು ಹೇಳಿದೆನೇ? ದಂಡ ಕಟ್ಟಿದ್ದು ಹೌದೋ ಅಲ್ಲವೋ?’

‘ಯಾರಿಂದ ಕಟ್ಟಿದ್ದು?’

‘ಅಂಗಡಿ ಎಂದ ಮೇಲೆ ನೀನು, ನಾನು ಎಂದು ಬೇರೆ ಉಂಟೇ? ನಿನ್ನ ಒಳ್ಳೆಯದಕ್ಕೇ ಹೇಳಿದ್ದು ತಂಗೀ. ಕಾರವಾರದ ಸೆಕೆಯಲ್ಲಿ ಒಬ್ಬಳೇ ಹೋಗಿ ಏನು ಮಾಡುತ್ತೀಯ?’

ನನ್ನ ಕೆಲಸ ತಪ್ಪಿಸಿ ನನ್ನನ್ನು ಸೆಕೆಯಿಂದ ಉಳಿಸಿದ್ದಾರೆ ನೋಡಿ. ಕೈ ನಡುಗುತ್ತಿತ್ತು, ಫೋನ್ ಇಟ್ಟೆ. ಚೆನ್ನಾಗಿ ನಾಲ್ಕು ಮಾತು ಅನ್ನಬೇಕಿತ್ತು, ಅನ್ನಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಿಮ್ಮನ್ನು ಕಳೆದುಕೊಂಡು ಯಾರ ಕೆಲಸ ನಿಂತಿದೆಯೋ ಅವರ ಹೆಸರು ಕೊಡಬೇಡಿ. ಕೊಡಲೇಬೇಕಾದರೆ ‘ನನ್ನ ಬಗ್ಗೆ ಏನು ಹೇಳುತ್ತೀರಿ?’ ಎಂದು ನೇರವಾಗಿ ಕೇಳಿ. ನಾಚಿಕೊಳ್ಳಬೇಡಿ, ನಾನು ನಾಚಿಕೊಂಡೇ ಕೆಟ್ಟದ್ದು. ಬಿಡುವ ದಿನವೇ ಅನುಭವ ಪತ್ರ ಬರೆಸಿಕೊಳ್ಳಿ, ಆಮೇಲೆ ಕೊಡುತ್ತೇನೆ ಎಂದರೆ ಕೊಡುವುದಿಲ್ಲ. ದೊಡ್ಡಪ್ಪಂದಿರ ಸ್ನೇಹಿತರ ಸಹವಾಸವೂ ಬೇಡ. ಕಳೆದ ವಾರ ನಾನು ಅಂಗಡಿಯ ಕಾಗದಪತ್ರ ನೋಡುತ್ತಿದ್ದ ಆಡಿಟರ್ ಬಳಿ ಹೋಗಿ ಇದೇ ಪ್ರಶ್ನೆ ಕೇಳಿದೆ. ‘ಕಾಗದ ಹೊತ್ತಿಗೆ ಸರಿಯಾಗಿ ತರುತ್ತಿದ್ದಳು, ಪ್ರಶ್ನೆ ಕೇಳಿ ತಲೆ ತಿನ್ನುತ್ತಿದ್ದಳು ಎಂದು ಹೇಳುತ್ತೇನೆ’ ಎಂದರು. ಮುಂದಿನ ಅರ್ಜಿಗೆ ಅವರದೇ ಹೆಸರು.

ನಿನ್ನೆ ಯಜಮಾನರಿಂದ ಮತ್ತೊಂದು ಸಂದೇಶ ಬಂದಿದೆ. ‘20 ಹತ್ತಿರ ಬಂತು ತಂಗೀ, ಜಿ.ಎಸ್.ಟಿ. ಪಾಸ್‌ವರ್ಡ್ ಯಾವುದು?’ ಬಿಟ್ಟ ದಿನವೇ ಕೆಂಪು ರಟ್ಟಿನ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಟ್ಟು ಬಂದಿದ್ದೇನೆ. ಹುಡುಕಿಕೊಳ್ಳಲಿ.