ಗಾಳಿ, ನೀರು, ಅಯಸ್ಕಾಂತ: ಮನೆಯಲ್ಲಿ ಕೂತು ದೋಣಿಯ ಹುಟ್ಟು ಎಳೆಯಲು ಯಾವುದು?

ಮಳೆಗಾಲ ಬಂತೆಂದರೆ ನನ್ನ ವಾಕಿಂಗ್ ಅರ್ಧಕ್ಕರ್ಧ ಖೋತಾ. ಹುಬ್ಬಳ್ಳಿಯ ಉಣಕಲ್ ಕೆರೆ ಕಡೆ ಹೊರಡೋಣ ಅಂತ ಬೂಟು ಹಾಕುವಷ್ಟರಲ್ಲಿ ಜಿಟಿಜಿಟಿ ಶುರು. ಟ್ರೆಡ್‌ಮಿಲ್ ನನ್ನ ಮೊಣಕಾಲಿಗೆ ಆಗಿಬರಲಿಲ್ಲ. ಹಾಗಾಗಿ ದೋಣಿಯ ಹುಟ್ಟು ಹಾಕಿದಂತೆ ಕೂತಲ್ಲೇ ಹಿಡಿ ಎಳೆಯುವ ರೋಯಿಂಗ್ ಮಷೀನಿನ ಬೆನ್ನು ಹತ್ತಿದೆ. ಒಂದೂವರೆ ವರ್ಷದಲ್ಲಿ ಅದರ ನಾಲ್ಕೂ ಜಾತಿಯನ್ನು ಎಳೆದು ನೋಡಿದ್ದಾಯಿತು.

ಮೊದಲನೆಯದು ಗದಗಿನ ತಮ್ಮನ ಮನೆಯ ಪಿಸ್ಟನ್ ಮಷೀನು. ಬೈಕಿನ ಶಾಕ್ ಅಬ್ಸಾರ್ಬರ್ ಥರದ ಎರಡು ಕೊಳವೆ, ಒಳಗೆ ಎಣ್ಣೆ. ಮಡಚಿದರೆ ಕಾಟಿನ ಕೆಳಗೆ ಹೋಗುತ್ತದೆ, ಅದೊಂದೇ ಪುಣ್ಯ. ಹತ್ತು ನಿಮಿಷಕ್ಕೆ ಎಣ್ಣೆ ಕಾದು ತೆಳುವಾಗಿ ಬಿಗಿಯೆಲ್ಲ ಸಡಿಲ. ಕೊಳವೆ ಮುಟ್ಟಿದೆ, ಆಗಷ್ಟೇ ಇಳಿಸಿದ ಚಹಾದ ಪಾತೇಲಿಯ ಹಾಗಿತ್ತು. ಮುಂದಿನ ಸಲ ಹೋದಾಗ ಫರಸಿಯ ಮೇಲೆ ಎಣ್ಣೆಯ ಹನಿ ಬಿದ್ದಿತ್ತು. ತಮ್ಮ ಕೆಳಗೆ ಹಳೆಯ ಟವೆಲ್ ಹಾಸಿದ್ದ.

ಗಾಳಿಯದು ಬೇರೆಯದೇ ಲೋಕ. ವರ್ಗಾವಣೆಯಾದ ಗೆಳೆಯ ಹೊಸ ಊರಲ್ಲಿ ಮನೆ ಸಿಗುವವರೆಗೆ ಇಟ್ಟುಕೋ ಅಂತ ನಮ್ಮ ಎರಡನೇ ಮಹಡಿಗೆ ತಂದಿಟ್ಟ. ಅಮೆರಿಕದ ವರ್ಮಾಂಟಿನ ಕಾನ್ಸೆಪ್ಟ್2 ಕಂಪನಿ 1981ರಲ್ಲಿ ತನ್ನ ಮೊದಲ ಮಾಡೆಲನ್ನು ಸೈಕಲ್ ಚಕ್ರ ಇಟ್ಟುಕೊಂಡು ಮಾಡಿದ ಜಾತಿ ಇದು. ಹಿಡಿ ಎಳೆದರೆ ರೆಕ್ಕೆಯ ಚಕ್ರ ತಿರುಗಿ ಗಾಳಿಯನ್ನು ತಳ್ಳುತ್ತದೆ. ನೀವು ಜೋರು ಮಾಡಿದಷ್ಟೂ ಅದೂ ಜೋರು ಮಾಡುತ್ತದೆ. 500 ಮೀಟರಿಗೆ ಎರಡೂವರೆ ನಿಮಿಷ ಹಿಡಿದರೆ ಪರದೆಯ ಮೇಲೆ ಸುಮಾರು 104 ವಾಟ್. ಅದನ್ನೇ ಎರಡು ನಿಮಿಷಕ್ಕೆ ಇಳಿಸಲು ಹೋಗಿ, 200 ದಾಟಬೇಕು! ವೇಗ ಕಾಲು ಪಾಲು ಏರಿದರೆ ದುಡಿಮೆ ದುಪ್ಪಟ್ಟು. ಮೊದಲ ವಾರ ಈ ಲೆಕ್ಕ ಗೊತ್ತಿಲ್ಲದೆ ಚಕ್ರದ ಪಕ್ಕದ ಡ್ಯಾಂಪರನ್ನು, ಅಂದರೆ ಒಳಗೆ ಹೋಗುವ ಗಾಳಿಯನ್ನು ಹೆಚ್ಚುಕಡಿಮೆ ಮಾಡುವ ಹಿಡಿಯನ್ನು, 10ಕ್ಕೆ ಏರಿಸಿ ಸೊಂಟ ಹಿಡಿಸಿಕೊಂಡೆ. ಅದು ಸೈಕಲ್ಲಿನ ಗೇರ್ ಇದ್ದಂತೆ, ಏರಿಸಿದರೆ ವ್ಯಾಯಾಮ ಹೆಚ್ಚಾಯಿತೆಂದಲ್ಲ. 4ರಲ್ಲಿಟ್ಟು, ಮೊದಲು ಕಾಲು, ಆಮೇಲೆ ಸೊಂಟ, ಕಡೆಗೆ ಕೈ ಎಂಬ ಕ್ರಮ ಕೂಡಿಬಂದ ದಿನ ಮೈಯೆಲ್ಲ ಒಂದೇ ಹಗ್ಗದ ಹಾಗೆ ಅನಿಸಿತು. ಆ ಹದ ಇನ್ನಾವುದರಲ್ಲೂ ನನಗೆ ಸಿಕ್ಕಿಲ್ಲ.

ಆದರೆ ಸದ್ದು! ಎಂಟನೆಯ ದಿನ ಕೆಳಗಿನ ಮನೆಯ ಅಜ್ಜಿ ಮೆಟ್ಟಿಲ ಬಳಿ ಹಿಡಿದು ನಿಲ್ಲಿಸಿದರು. ‘ಏನೋ ತಮ್ಮಾ, ಮ್ಯಾಲೆ ಹಿಟ್ಟಿನ ಗಿರಣಿ ಹಾಕ್ಸೀಯೇನು? ಮುಂಜಾನೆ ಐದಕ್ಕ ಯಾರ ಜ್ವಾಳ ಬೀಸ್ತೀ?’ ಉತ್ತರ ಹೊಳೆಯಲಿಲ್ಲ. ಅಂದಿನಿಂದ ಸಂಜೆ ಏಳಕ್ಕೆ ಬದಲಿಸಿದೆ. ಆ ಹೊತ್ತಿಗೆ ನಮ್ಮ ಮನೆಯಲ್ಲಿ ಟಿವಿ. ಇನ್ನು ಉದ್ದ 8 ಅಡಿ, ಹೊಸದಕ್ಕೆ ಬೆಲೆ ಲಕ್ಷ ದಾಟುತ್ತದೆ. ಎರಡು ತುಂಡು ಮಾಡಿ ಎತ್ತಿಡಬಹುದು, ಆದರೆ ದಿನಾ ಯಾರು ಬಿಚ್ಚಿ ಜೋಡಿಸುತ್ತಾರೆ?

ನೀರಿನದು ಧಾರವಾಡದ ಷಡ್ಡಕರ ಮನೆಯಲ್ಲಿ. ಕಟ್ಟಿಗೆಯ ಚೌಕಟ್ಟು, ಮುಂದೆ ಪಾರದರ್ಶಕ ತೊಟ್ಟಿ, ಒಳಗೆ 17 ಲೀಟರ್ ನೀರು. ಪ್ರತಿ ಎಳೆತಕ್ಕೂ ಝಳಪ್ ಅಂತ ಸದ್ದು, ಕಣ್ಣು ಮುಚ್ಚಿದರೆ ದೋಣಿಯಲ್ಲೇ ಕೂತಂತೆ. ನಾಲ್ಕು ಭಾನುವಾರ ಎಳೆದೆ. ಇದೂ ಜೋರು ಮಾಡಿದಷ್ಟು ಬಿಗಿಯಾಗುತ್ತದೆ, ಆದರೆ ಎಳೆತದ ಶುರುವಿನಲ್ಲಿ ಗಾಳಿಯದಕ್ಕಿಂತ ಮೆತ್ತಗೆ. ತೂಕ ಬದಲಿಸಬೇಕೆಂದರೆ ನೀರು ಹಾಕಬೇಕು ಇಲ್ಲವೆ ತೆಗೆಯಬೇಕು. ಪಾಚಿ ಕಟ್ಟದಿರಲು ಆರು ತಿಂಗಳಿಗೊಮ್ಮೆ ಕ್ಲೋರಿನ್ ಮಾತ್ರೆ. ನಿಲ್ಲಿಸಿಟ್ಟರೆ ಕಪಾಟಿನಷ್ಟೇ ಜಾಗ. ಮನೆಗೆ ಬಂದು ಆಸೆಯಿಂದ ಹೇಳಿದೆ. ವಾರಕ್ಕೊಮ್ಮೆ ನಲ್ಲಿ ಬರುವ ಓಣಿ ನಮ್ಮದು. ‘ಕೊಡ ತುಂಬೂದಕ್ಕ ಬರ್ರಿ ಅಂದ್ರ ಬರೂದಿಲ್ಲ, ಹದಿನೇಳು ಲೀಟರ್ ಎಳದಾಡಾಕ ರೊಕ್ಕ ಕೊಡ್ತೀರೇನ್ರಿ?’ ಅಂದಳು ಹೆಂಡತಿ. ಅವಳ ಮಾತಿರಲಿ, ನಮ್ಮ ಬೋರಿನ ಉಪ್ಪುನೀರು ಸ್ನಾನದ ಬಕೆಟ್ಟಿಗೇ ಬಿಳಿ ಪದರ ಕಟ್ಟುತ್ತದೆ. ಆ ಚಂದದ ತೊಟ್ಟಿಯ ಗತಿ ನೆನೆದು ನಾನೂ ಸುಮ್ಮನಾದೆ.

ಕೊನೆಗೆ ಕೊಂಡದ್ದು ಅಯಸ್ಕಾಂತದ್ದು, 30 ಸಾವಿರದೊಳಗೆ. ತಿರುಗುವ ಲೋಹದ ಚಕ್ರದ ಹತ್ತಿರಕ್ಕೆ ಅಯಸ್ಕಾಂತ ಸರಿದಂತೆ ಎಳೆತ ಭಾರವಾಗುತ್ತದೆ. ಒಂದಕ್ಕೊಂದು ತಾಗುವುದೇ ಇಲ್ಲ, ಹಾಗಾಗಿ ಸವೆತವೂ ಇಲ್ಲ, ಸದ್ದೂ ಇಲ್ಲ. ಕೇಳುವುದು ಸೀಟು ಹಳಿಯ ಮೇಲೆ ಸರಿಯುವುದಷ್ಟೆ. ಕೆಳಗೆ ರಬ್ಬರ್ ಚಾಪೆ ಹಾಕಿ ಮತ್ತೆ ಮುಂಜಾನೆ ಐದಕ್ಕೆ ಮರಳಿದೆ. ಎರಡು ತಿಂಗಳಾಯಿತು, ಅಜ್ಜಿಗೆ ಸುಳಿವಿಲ್ಲ.

ಕೊರತೆ ಇಲ್ಲವೆಂದಲ್ಲ. ಎಷ್ಟು ಜಗ್ಗಿದರೂ ಗಾಳಿಯದರಂತೆ ತಿರುಗಿ ಬೀಳುವುದಿಲ್ಲ, ಹೆಚ್ಚುಕಡಿಮೆ ಗುಂಡಿ ತಿರುಗಿಸಿದಷ್ಟೇ ಬಿಗಿ. ಪರದೆ ತೋರಿಸುವ ಮೀಟರನ್ನು ನಾನು ನಂಬುವುದಿಲ್ಲ, ಬರೀ ಎಳೆತ ಎಣಿಸುತ್ತೇನೆ: ನಿಮಿಷಕ್ಕೆ 22, ಹೀಗೆ 20 ನಿಮಿಷ. ಮೊದಲು ನೋಡಿದ ಮಾಡೆಲ್ಲಿನ ಹಳಿ ಗಿಡ್ಡವಿತ್ತು. ಐದು ಅಡಿ ಹತ್ತು ಇಂಚಿನ ನನಗೆ ಕಾಲು ಪೂರಾ ಚಾಚಲು ಆಗಲಿಲ್ಲ. ಅಂಗಡಿಯವನು ‘ಕಡೀಕ ಎಲ್ಲಾರಿಗೂ ರೂಢಿ ಆಗತೈತ್ರಿ’ ಅಂದ. ಮೊಣಕಾಲಿಗೋಸ್ಕರವೇ ಕೊಳ್ಳುವವನು ಅರ್ಧ ಮಡಚಿದ ಕಾಲಲ್ಲಿ ಎಳೆಯುವುದೆಂಥದು? ಇಂಚುಪಟ್ಟಿ ಹಿಡಿದುಕೊಂಡೇ ಇನ್ನೊಂದು ಅಂಗಡಿಗೆ ಹೋದೆ.

ಕೆಳಗೆ ಮನೆಯಿಲ್ಲದ, ಸ್ವಂತ ಅಂಗಳದ ಧಾರವಾಡದವನಾಗಿದ್ದರೆ ಎರಡನೇ ಮಾತಿಲ್ಲದೆ ಗಾಳಿಯದನ್ನೇ ತರುತ್ತಿದ್ದೆ, ಹಳೆಯದು ಸಿಕ್ಕರೂ ಸರಿ. ಗದಗಿನ ತಮ್ಮ ಮಾತ್ರ ಮೊನ್ನೆ ಫೋನ್ ಮಾಡಿದ್ದ. ಪಿಸ್ಟನ್ ಮಷೀನು ಪುಕ್ಕಟೆ ಕೊಡುತ್ತಾನಂತೆ, ‘ಟೆಂಪೋ ಬಾಡಿಗಿ ನಿಂದು ನೋಡಣ್ಣಾ’ ಅಂದ.